ದೊರೆಸಾನಿಯ ಬಾಗಿಲಿಗೆ ಅರಿಶಿನ ಕುಂಕುಮ

ಒಂದು ಕಡೆ ನೆಟ್ಟಗೆ ಕೂರುವ ಅಭ್ಯಾಸ ನನಗೆ ತಪ್ಪಿಹೋಗಿ ಬಹಳ ಕಾಲವಾಯಿತು. ಇದನ್ನೂ ಎರಡು ಸಾಲು ಬರೆದು, ಎದ್ದು ಹಿತ್ತಲಿಗೆ ಹೋಗಿ, ಬಂದು, ಮತ್ತೆ ಎರಡು ಸಾಲು ಬರೆಯುತ್ತಿದ್ದೇನೆ. ಮನೆಯವಳು ಇಣುಕಿ ನೋಡಿ, "ಕಾಲಿಗೇನು ಚಕ್ರ ಕಟ್ಕೊಂಡಿದ್ದೀರಾ?" ಎಂದು ರೇಗಿಸಿ ಹೋದಳು. ಆ ಚಕ್ರ ಕಟ್ಟಿದವಳು ನಮ್ಮಮ್ಮ. ಒಂದು ಮಧ್ಯಾಹ್ನ, ಜನರ ಮುಂದೆ, ನನ್ನ ತಲೆಯ ಮೇಲೆ ಕೈಯಿಟ್ಟು ಅವಳು ಸುಳ್ಳು ಆಣೆ ಮಾಡಿದಳು. ಹಾಗೆ ಆಣೆ ಮಾಡಿದವರ ಮಗ ಉಳಿಯುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಅಮ್ಮನೂ ನಂಬಿದ್ದಳು. ಆದರೂ ಮಾಡಿದಳು, ಅದೂ ಒಬ್ಬ ಬಿಳಿ ಮುದುಕಿಯನ್ನು ಅವಳ ಗಂಡನ ಪಕ್ಕದಲ್ಲೇ ಮಣ್ಣು ಮಾಡಲಿ ಅಂತ.

ಆಗ ನನಗೆ ಇಪ್ಪತ್ತು ದಾಟಿತ್ತು. ಐವತ್ತರ ದಶಕದ ಕೊನೆ. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದು ಇನ್ನೂ ಹೊಸದು. ಚಾಂಪಿಯನ್ ರೀಫ್ಸ್ ಗಣಿಯ ಕುಲುಮೆಯಲ್ಲಿ ನನಗೆ ಕೆಲಸ. ಗಣಿಯೊಳಗೆ ಬಂಡೆ ಕೊರೆದು ಮೊಂಡಾಗಿ ಮೇಲೆ ಬರುವ ಉಕ್ಕಿನ ಸಲಾಕೆಗಳನ್ನು ಕೆಂಪಗೆ ಕಾಯಿಸಿ, ಬಡಿದು, ಮತ್ತೆ ಮೂತಿ ಚೂಪು ಮಾಡಿ ಕೆಳಗೆ ಕಳಿಸುವುದು. ನಮ್ಮ ಹಳ್ಳಿ ಕ್ಯಾಸಂಬಳ್ಳಿಯ ದಾರಿಯಲ್ಲಿತ್ತು. ನಾನು ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಅಪ್ಪ ರಾಗಿ ಹೊಲ, ಎಮ್ಮೆ, ಬೀಡಿ ಇಷ್ಟರಲ್ಲೇ ತೃಪ್ತನಾದ ಮನುಷ್ಯ. ಮನೆ ನಡೆಸುತ್ತಿದ್ದವಳು ಅಮ್ಮ. ಬೆಳಗಿನ ಬಸ್ಸಿಗೆ ಹಾಲಿನ ಕ್ಯಾನು ಹತ್ತಿಸಿ, ಕಂಡಕ್ಟರಿಗೆ ಎರಡು ಬೈಗುಳ ಕೊಟ್ಟು, ಗಣಿಯ ಬಂಗಲೆಗಳಿಗೆ ಹಾಲು ಹಾಕಿ ಬರುವಳು.

ಆ ಬಂಗಲೆಗಳಲ್ಲೊಂದರಲ್ಲಿ ಈ ದೊರೆಸಾನಿ ಇದ್ದಳು. ಬಿಳಿಯರೆಲ್ಲ ಮೇಜು ಕುರ್ಚಿ ಮಾರಿ, ನಾಯಿಗಳನ್ನು ಅವರಿವರಿಗೆ ಕೊಟ್ಟು ಹಡಗು ಹತ್ತುತ್ತಿದ್ದ ಕಾಲ ಅದು. ಇವಳು ಮಾತ್ರ ಹೋಗಲಿಲ್ಲ. ಅವಳ ಗಂಡ ಗಣಿಯೊಳಗೆ ಮೇಸ್ತ್ರಿಗಳಿಗೆಲ್ಲ ಮೇಲಾದ ಕ್ಯಾಪ್ಟನ್ ಆಗಿದ್ದವನು. ಆಳದಲ್ಲಿ ಬಂಡೆ ಸಿಡಿದು ಸತ್ತಿದ್ದ. ಅವನ ಗೋರಿಯ ಕಲ್ಲಿನಲ್ಲಿ ಒಂದು ಕಡೆ ಅವನ ಹೆಸರು ಕೆತ್ತಿಸಿ, ಇನ್ನೊಂದು ಕಡೆ ತನಗಾಗಿ ಖಾಲಿ ಬಿಡಿಸಿದ್ದಳು. ಯಾಕೆ ಊರಿಗೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ, ಅಡುಗೆಯವರಿಂದ ಕಲಿತ ತಮಿಳು, ಅಮ್ಮನಿಂದ ಕಲಿತ ಕನ್ನಡ ಎರಡನ್ನೂ ಕಲಸಿ, "ನಾ ಪೋಗ ಮಾಟ್ಟೇನ್. ಅವ ಇಲ್ಲೇ ಐತೆ" ಎನ್ನುತ್ತಿದ್ದಳು. ಗಂಡನನ್ನು 'ಐತೆ' ಅನ್ನುತ್ತಾಳಲ್ಲ ಎಂದು ನಾವು ನಗುತ್ತಿದ್ದೆವು. ತಿದ್ದಲು ಹೋದರೆ ಅಮ್ಮ ನಮ್ಮನ್ನೇ ಬೈಯುತ್ತಿದ್ದಳು.

ಅಮ್ಮನಿಗೂ ಅವಳಿಗೂ ಹೇಗೆ ಗಂಟು ಬಿತ್ತೋ ದೇವರೇ ಬಲ್ಲ. ಇಬ್ಬರೂ ಜೋರು ಬಾಯಿಯವರು. ಹಾಲು ಅಳೆಯುವಾಗ ನೀರು ಬೆರೆಸಿದ್ದೀ ಎಂದು ಅವಳು, ನಿನ್ನ ಕಣ್ಣಲ್ಲಿ ನೀರು ತುಂಬಿದೆ ಎಂದು ಇವಳು. ಜಗಳ ಮುಗಿದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಮಾತು. ಅವಳ ದೇಶದ ತುದಿಯಲ್ಲಿ, ಸಮುದ್ರದ ಅಂಚಿನಲ್ಲಿ ತವರದ ಗಣಿಗಳಿದ್ದವಂತೆ. ಆ ಗಣಿಗಳೊಳಗೆ ಕಣ್ಣಿಗೆ ಕಾಣದ ಕುಳ್ಳರು ಇರುತ್ತಿದ್ದರಂತೆ. ಬಂಡೆ ಬೀಳುವ ಮುಂಚೆ ಅವರು ಟಕ್ ಟಕ್ ಎಂದು ಕುಟ್ಟಿ ಎಚ್ಚರ ಕೊಡುತ್ತಾರಂತೆ. ಅದಕ್ಕೇ ಗಣಿಯವರು ತಮ್ಮ ಬುತ್ತಿಯ ಒಂದು ತುಂಡನ್ನು ಅವರಿಗೆಂದು ಅಲ್ಲೇ ಬಿಟ್ಟು ಬರುವರಂತೆ. ಅಮ್ಮ ಇದನ್ನು ಕೇಳಿ ಆಶ್ಚರ್ಯಪಡಲೇ ಇಲ್ಲ. "ನಮ್ಮೋರೂ ಮುನೇಶ್ವರನಿಗೆ ಇಕ್ತಾರೆ ಬಿಡು" ಎಂದಳು. ದೊರೆಸಾನಿಯ ಕೋಳಿಗೂಡಿಗೆ ನಡುವೆ ತೂತಿರುವ ಒಂದು ಕಲ್ಲು ದಾರದಲ್ಲಿ ನೇತಾಡುತ್ತಿತ್ತು. ಕೆಟ್ಟ ಕಣ್ಣಿಗೆ ಅಂತೆ. ಅಮ್ಮ ಅದನ್ನು ನೋಡಿಬಂದು, ನಮ್ಮ ಕೊಟ್ಟಿಗೆಗೂ ಅಂಥದ್ದೇ ಹುಡುಕಿ ಕಟ್ಟಿಸಿದಳು.

ದೊರೆಸಾನಿಯ ಮನೆತನದಲ್ಲಿ ಒಂದು ವಿದ್ಯೆ ಇತ್ತು. ಸುಟ್ಟ ಗಾಯದ ಉರಿ ತೆಗೆಯುವ ಮಂತ್ರ. ಅದನ್ನು ಹೆಂಗಸು ಗಂಡಸಿಗೇ ಹೇಳಿಕೊಡಬೇಕು, ಗಂಡಸು ಹೆಂಗಸಿಗೇ. ಅವಳಿಗೆ ಅವಳ ತಾತ ಹೇಳಿಕೊಟ್ಟದ್ದು. ಅದರಲ್ಲಿ ಅವರ ದೇವರ ಮಗನ ಹೆಸರೂ ಇದೆ. ಆದರೂ ಅವರ ಪಾದ್ರಿಗಳಿಗೆ ಅದನ್ನು ಕಂಡರೆ ಆಗದು. ತನ್ನ ಅಜ್ಜಿಯ ಅಜ್ಜಿಯೊಬ್ಬಳು ಯಾರದೋ ಹಸುವಿಗೆ ಮಂತ್ರಿಸಿದಳೆಂದು, ಬಿಳಿ ಬಟ್ಟೆ ಹೊದಿಸಿ, ಕೈಯಲ್ಲಿ ಕೋಲು ಕೊಟ್ಟು, ಭಾನುವಾರ ಇಡೀ ಊರಿನ ಎದುರು ಚರ್ಚಿನೊಳಗೆ ನಿಲ್ಲಿಸಿ ತಪ್ಪೊಪ್ಪಿಸಿದ್ದರು ಎಂದು ಅವಳು ಹೇಳಿದ್ದಳು. ಅದಕ್ಕೂ ಹಿಂದೆ ಇನ್ನೊಬ್ಬಳನ್ನು ಕೈಕಾಲು ಕಟ್ಟಿ ಕೆರೆಗೆ ಎಸೆದಿದ್ದರಂತೆ. ತೇಲಿದರೆ ಮಾಟಗಾತಿ, ಮುಳುಗಿದರೆ ನಿರಪರಾಧಿ.

"ಮುಳುಗಿದ ಮೇಲೆ?" ಎಂದು ಅಮ್ಮ ಕೇಳಿದಳು.

"ಸತ್ತು ಪೋಚ್ಚು" ಎಂದು ದೊರೆಸಾನಿ ನಕ್ಕಳು.

ಅಮ್ಮನಿಗೆ ನಗು ಬರಲಿಲ್ಲ. "ಥೂ ಅವರ ಮನೆ ಆಳಾಗ. ಬದುಕಿದ್ರೆ ಸಾಯಿಸ್ತಾರೆ, ಸತ್ರೆ ಒಳ್ಳೇವ್ಳು ಅಂತಾರೆ. ನಮ್ಮ ಪಂಚಾಯ್ತಿನೇ ವಾಸಿ ಕಣಮ್ಮೋ" ಎಂದಳು. ಮನೆಗೆ ಬಂದು ಅಪ್ಪನಿಗೂ ಹೇಳಿ, ಅಪ್ಪ ಸುಮ್ಮನೆ ಬೀಡಿ ಸೇದಿದ್ದಕ್ಕೆ ಅವನ ಮೇಲೂ ಹರಿಹಾಯ್ದಳು.

ನಾನು ಇದನ್ನೆಲ್ಲ ನಂಬುವವನಲ್ಲ. ಉಕ್ಕಿನ ಜೊತೆ ಕೆಲಸ ಮಾಡುವವನಿಗೆ ಮಂತ್ರದ ಮೇಲೆ ನಂಬಿಕೆ ಬರುವುದು ಕಷ್ಟ. ಹೀಗಿರುವಾಗಲೇ ಒಂದು ದಿನ ಕುಲುಮೆಯಲ್ಲಿ ಕಾದ ಸಲಾಕೆ ಇಕ್ಕಳದಿಂದ ಜಾರಿತು. ಕೆಳಗೆ ಕಾಲಿದೆ ಎಂದು ಬುದ್ಧಿಗೆ ಹೊಳೆಯುವ ಮೊದಲೇ ಬಲಗೈ ಅದನ್ನು ಹಿಡಿದಿತ್ತು. ಆಸ್ಪತ್ರೆಯಲ್ಲಿ ಹಳದಿ ಮುಲಾಮು ಹಚ್ಚಿ, ಬಟ್ಟೆ ಸುತ್ತಿ ಕಳಿಸಿದರು. ಗಾಯ ಅವರು ನೋಡಿಕೊಂಡರು, ಉರಿಯನ್ನು ಯಾರೂ ನೋಡಿಕೊಳ್ಳಲಿಲ್ಲ. ಕೂತರೂ ಉರಿ, ನಿಂತರೂ ಉರಿ. ಆಸ್ಪತ್ರೆಯ ಅಂಗಳದಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ಹಾಲು ಹಾಕಿ ಮುಗಿಸಿದ್ದ ಅಮ್ಮ ಸುದ್ದಿ ಕೇಳಿ ಓಡಿಬಂದವಳು, ನನ್ನ ಇನ್ನೊಂದು ಕೈ ಹಿಡಿದು ನೇರ ದೊರೆಸಾನಿಯ ಹಿಂಬಾಗಿಲಿಗೆ ಎಳೆದುಕೊಂಡು ಹೋದಳು.

ಆ ಮುದುಕಿ ಕೈ ಮುಟ್ಟಲೂ ಇಲ್ಲ. ಮೆಟ್ಟಿಲ ಮೇಲೆ ಕೂರಿಸಿ, ಬಟ್ಟೆಯ ಮೇಲಿಂದಲೇ ಮೆಲ್ಲಗೆ ಊದಿ, ತುಟಿಯೊಳಗೇ ಏನೋ ಹೇಳಿಕೊಂಡಳು. ಮತ್ತೆ ಊದಿದಳು, ಮತ್ತೆ ಹೇಳಿಕೊಂಡಳು. ಆಮೇಲೆ ಎದ್ದು ನಿಂತು ಶಾಲೆಯ ಮೇಡಂ ಹಾಗೆ ಬೆರಳು ಆಡಿಸಿ ಕಟ್ಟಳೆ ಹೇಳಿದಳು. ಥ್ಯಾಂಕ್ಸ್ ಹೇಳಕೂಡದು. ಏನನ್ನೂ ಕೊಡಕೂಡದು. ವಾಸಿಯಾಯಿತು ಎಂದು ತಿರುಗಿ ಬಂದು ಹೇಳಲೂಕೂಡದು. ಇದರಲ್ಲಿ ಯಾವುದು ಮಾಡಿದರೂ ಮಂತ್ರ ಮುರಿಯುತ್ತದೆ. "ಪೋ" ಎಂದು ಬಾಗಿಲು ಹಾಕಿಕೊಂಡಳು.

ರೈಲು ಹಳಿ ದಾಟುವ ಹೊತ್ತಿಗೆ ಉರಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಮುಲಾಮು ಕೆಲಸ ಮಾಡಿತೋ, ಮುದುಕಿಯ ಬಾಯಿಯೋ, ಎರಡೂ ಸೇರಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಮಾತ್ರ ದಾರಿಯುದ್ದಕ್ಕೂ "ಇಳೀತಾ? ಇಳೀತೇನ್ಲಾ?" ಎಂದು ಕೇಳುತ್ತಿದ್ದವಳು, ಹಳಿಯ ಮೇಲೆ ನಾನು ಹೂಂ ಎಂದಾಗ ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟಳು. ಬಲಗೈ ಹೋಗಿದ್ದರೆ ನನಗೆ ಕುಲುಮೆಯಿಲ್ಲ, ನೇಗಿಲಿಲ್ಲ, ಏನೂ ಇಲ್ಲ. ಅವಳ ಖುಷಿಗೆ ಅರ್ಥವಿತ್ತು.

ಆದರೆ ಆ ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳಿಂದ ಆಗಲಿಲ್ಲ. ಉಂಡ ಮನೆಗೆ ಋಣ ತೀರಿಸದೆ ಇರುವುದು ನಮ್ಮ ಹೆಂಗಸರಿಗೆ ಒಂದು ರೋಗವಿದ್ದ ಹಾಗೆ, ಮೈಯೆಲ್ಲ ಕಡಿಯುತ್ತದೆ. ದಿನವಿಡೀ ಒಳಗೂ ಹೊರಗೂ ಓಡಾಡಿ, ಕೊನೆಗೆ ಅವಳೇ ಒಂದು ದಾರಿ ಹುಡುಕಿಕೊಂಡಳು. "ಅವ್ಳಿಗೆ ಕೊಡಬಾರ್ದು ಅಂತ ತಾನೇ ಏಳಿದ್ದು? ನಾನು ಅವ್ಳಿಗೆ ಕೊಡಲ್ಲ. ಒಸ್ಲಿಗೆ ಕೊಡ್ತೀನಿ. ಒಸ್ಲಿಗೂ ಮಂತ್ರಕ್ಕೂ ಏನ್ ಸಂಬಂಧ?" ಎಂದಳು. ಅಪ್ಪನೂ ನಾನೂ ಅದು ಸರಿಯೆಂದೇ ತಲೆಯಾಡಿಸಿದೆವು. ನಮ್ಮ ಬುದ್ಧಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ದೊರೆಸಾನಿ ಚರ್ಚಿಗೆ ಹೋದ ಹೊತ್ತು ನೋಡಿಕೊಂಡು ಅಮ್ಮ ಬಂಗಲೆಯ ಮುಂಬಾಗಿಲಿಗೇ ಹೋದಳು. ಹೊಸಿಲು ತೊಳೆದು, ಅರಿಶಿನ ಬಳಿದು, ಸಾಲಾಗಿ ಕುಂಕುಮದ ಬೊಟ್ಟಿಟ್ಟಳು. ಮಾವಿನೆಲೆ ಕಟ್ಟಿದಳು. ಮೆಟ್ಟಿಲ ಮೇಲೆ ರಂಗೋಲಿ ಹಾಕಿ, ಕಾಯಿ ಒಡೆದು, ಕರ್ಪೂರ ಹಚ್ಚಿ ಅಡ್ಡಬಿದ್ದಳು. ಗಣಿ ಕೂಲಿಗಳ ಸಾಲುಮನೆಗಳಿದ್ದ ಲೈನುಗಳ ಹೆಂಗಸರು ಹಾದಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ಅಮ್ಮ ಹೇಳದೆ ಇರುತ್ತಾಳೆಯೇ? ಅವರೂ ಅಡ್ಡಬಿದ್ದರು. ಒಬ್ಬಳು ಮಗುವನ್ನು ಹೊಸಿಲಿನ ಮೇಲೆ ಉರುಳಿಸಿಯೂಬಿಟ್ಟಳು.

ಅಷ್ಟು ಹೊತ್ತಿಗೆ ದೊರೆಸಾನಿ ಚರ್ಚು ಮುಗಿಸಿಕೊಂಡು ಬಂದಳು, ಜೊತೆಯಲ್ಲಿ ಪಾದ್ರಿ. ಅವನು ಹೊಸದಾಗಿ ಬಿಳಿಯರ ಸೀಮೆಯಿಂದ ಬಂದ ಹುಡುಗ ಪಾದ್ರಿ. ಭಾನುವಾರದ ಚಹಾಕ್ಕೆ ಅವಳೇ ಕರೆದಿದ್ದಳು. ಹೊಗೆಯಾಡುತ್ತಿದ್ದ ಕರ್ಪೂರವನ್ನೂ ಮಾವಿನ ತೋರಣವನ್ನೂ ತನ್ನ ಚರ್ಚಿನ ಸಭೆಗೆ ಸೇರಿದ ಮುದುಕಿಯ ಕಾಲು ಮುಟ್ಟಲು ಬಗ್ಗಿದ ಹೆಂಗಸರನ್ನೂ ಅವನು ನೋಡಿದ. ಮುಖ ಕೆಂಪಾಗಿ, ಚಹಾ ಕುಡಿಯದೆ ಹಿಂತಿರುಗಿದ.

ಮಾರನೆಯ ದಿನ ಅಮ್ಮ ಹಾಲು ಹಾಕಲು ಹೋದರೆ ದೊರೆಸಾನಿ ಪಾತ್ರೆ ತರಲಿಲ್ಲ. ಮೆಟ್ಟಿಲ ಮೇಲೆ ನಿಂತು ಮೂರು ಭಾಷೆಯಲ್ಲಿ ಬೈದಳು. ಬೈದು ಸಾಕಾದ ಮೇಲೆ ಕೂತು ಅತ್ತಳು. ಪಾದ್ರಿ ವಿಚಾರಿಸಿದ್ದಾನೆ, ಮಂತ್ರದ ವಿಷಯ ಯಾರೋ ಹೇಳಿದ್ದಾರೆ. ಮಾಟ ಮಾಡುವವಳು, ಕೈಮುಗಿಸಿಕೊಳ್ಳುವವಳು ತಮ್ಮ ಸಭೆಗೆ ಸೇರಿದವಳಲ್ಲ ಎನ್ನುತ್ತಾನೆ. ಬರುವ ಭಾನುವಾರ ಎಲ್ಲರ ಮುಂದೆ ನಿಂತು, ತಾನು ಸೈತಾನನ ಕೆಲಸ ಮಾಡಿದೆ ಎಂದು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಸತ್ತಾಗ ಚರ್ಚಿನ ಮಣ್ಣಿನಲ್ಲಿ ಜಾಗವಿಲ್ಲ. ಗಂಡನ ಪಕ್ಕದ ಜಾಗ ಖಾಲಿಯೇ ಉಳಿಯುತ್ತದೆ.

"ಒಪ್ಕೊಂಡ್ಬಿಡು. ಬಾಯಿಮಾತು ತಾನೆ?" ಎಂದಳಂತೆ ಅಮ್ಮ.

ದೊರೆಸಾನಿ ಒಪ್ಪಲಿಲ್ಲ. ಅದು ತಾತ ಕೊಟ್ಟ ಮಾತು, ದೇವರ ಹೆಸರಿರುವ ಮಾತು, ಅದನ್ನು ಸೈತಾನನದು ಎಂದು ಹೇಗೆ ಹೇಳಲಿ ಎಂದಳಂತೆ. ಅಜ್ಜಿಯ ಅಜ್ಜಿ ನಿಂತ ಹಾಗೆ ತಾನು ನಿಲ್ಲುವುದಿಲ್ಲ. ಆದರೆ ಗಂಡನನ್ನು ಬಿಟ್ಟು ಬೇರೆಲ್ಲೋ ಮಲಗುವುದೂ ಆಗುವುದಿಲ್ಲ. ಇಷ್ಟು ಹೇಳಿ, "ನೀ ಏನು ಮಾಡಿಬಿಟ್ಟೆ, ಅಮ್ಮಾ" ಎಂದು ಮೆತ್ತಗೆ ಕೇಳಿದಳಂತೆ. ಬೈಗುಳವನ್ನೆಲ್ಲ ತಡೆದುಕೊಂಡಿದ್ದ ಅಮ್ಮನಿಗೆ ಈ ಒಂದು ಮಾತು ತಡೆಯಲಾಗಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಒಂದು ತುತ್ತು ತಿನ್ನಲಿಲ್ಲ. ಅಮ್ಮ ಒಲೆಯ ಮುಂದೆ ಕೂತವಳು ಏಳುವಳು, ಕೊಟ್ಟಿಗೆಗೆ ಹೋದವಳು ಹಾಲು ಕರೆಯದೆ ಬರುವಳು. ಮುದ್ದೆ ಗಂಟಾಯಿತು, ಸಾರು ಉಪ್ಪಾಯಿತು. ಅಪ್ಪ ಅದನ್ನೇ ಉಂಡೆದ್ದ. ಶನಿವಾರ ಮಧ್ಯಾಹ್ನ ನಾನು ಕೈಗೆ ಬಟ್ಟೆ ಸುತ್ತಿಕೊಂಡೇ ಹಗುರ ಕೆಲಸ ನೋಡುತ್ತಿದ್ದಾಗ ಅವಳು ಕುಲುಮೆಯ ಬಾಗಿಲಿಗೇ ಬಂದು, "ನಡಿಲಾ, ಪಾದ್ರಿ ತಾವ ಓಗಾನ" ಎಂದಳು. ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, "ನೀನು ಬಾಯಿ ಮುಚ್ಕೊಂಡ್ ಬಾ. ಏನ್ ಕೇಳುದ್ರೂ ತಲೆ ತಗ್ಗಿಸ್ಕೊಂಡ್ ನಿಂತ್ಕೊ" ಎಂದಳು.

ಚರ್ಚಿನ ಪಕ್ಕದ ಕೋಣೆಯಲ್ಲಿ ಪಾದ್ರಿ ಇದ್ದ. ಅವನ ಮಾತನ್ನು ನಮಗೆ, ನಮ್ಮ ಮಾತನ್ನು ಅವನಿಗೆ ದಾಟಿಸಲು ಸಭೆಯ ಹಿರಿಯನೊಬ್ಬ ಇದ್ದ. ಅವನು ಇಲ್ಲಿಯವನೇ, ನಮ್ಮ ರೀತಿ ನೀತಿ ಎಲ್ಲ ಬಲ್ಲವನು. ನಾಲ್ಕಾರು ಜನ ಬೆಂಚಿನ ಮೇಲಿದ್ದರು. ದೊರೆಸಾನಿಯನ್ನೂ ಕರೆಸಿ ಗೋಡೆ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಅವಳ ಹ್ಯಾಟು ತೊಡೆಯ ಮೇಲಿತ್ತು. ತಲೆ ಅಷ್ಟು ಬೆಳ್ಳಗೆ, ಅಷ್ಟು ಚಿಕ್ಕದಾಗಿ ಕಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರು ಮಾಡಿದಳು.

"ಈ ಮುದ್ಕೀನ ನಾನು ಪೂಜೆ ಮಾಡ್ದೆ ಅಂತ ಯಾವನ್ ಏಳಿದ್ದು? ಪೂಜೆಯಂತೆ! ನನ್ ಮಗನ್ ಕೈ ಸುಟ್ಟೋಗಿ ಒದ್ದಾಡ್ತಿದ್ರೆ, ಇವ್ಳು ವಾಸಿ ಮಾಡ್ತೀನಿ ಅಂತ ಏನೋ ಗೊಣಗುದ್ಲು. ಉರಿ ಒಂಚೂರೂ ಇಳೀಲಿಲ್ಲ. ಬೆಳಗಾಗೋ ಗಂಟ ಚೀರ್ದ ನನ್ ಕಂದ. ಈ ಬಿಳಿ ಮುಂಡೆ ಏನೋ ಕೆಟ್ಟದ್ ಮಾಡವ್ಳೆ ಅಂತ ನನಗೆ ಅನ್ಮಾನ ಬಂತು. ಅದಕ್ಕೇ ಓಗಿ ತಡೆ ಒಡೆದೆ. ಅರಿಸ್ನ ಕುಂಕ್ಮ ಬಳ್ದು, ಕಾಯಿ ಒಡ್ದು, ಇವ್ಳು ಮಾಡಿದ್ದು ಇವ್ಳಿಗೇ ತಿರುಗ್ಲಿ ಅಂತ ಅವ್ಳ ಒಸ್ಲಿಗೇ ಬಿಟ್ ಬಂದೆ. ಕೈ ವಾಸಿಯಾಗ್ತಾ ಇರೋದು ಆಸ್ಪತ್ರೆ ಮುಲಾಮಿಂದ. ಮಂತ್ರ ಅಂತೆ ಮಂತ್ರ! ಇವ್ಳ್ ಬಾಯಲ್ಲಿ ನೊಣಾನೂ ಸಾಯಲ್ಲ."

ಇಷ್ಟಕ್ಕೇ ನಿಲ್ಲಿಸಲಿಲ್ಲ. ಮುದುಕಿಯ ಕಡೆ ತಿರುಗಿ, ನಮ್ಮೂರ ಬಾವಿಕಟ್ಟೆಯಲ್ಲೂ ಆಡದ ಮಾತುಗಳನ್ನು ಆಡಿದಳು. ಹಿರಿಯ ಅದನ್ನೆಲ್ಲ ಇಂಗ್ಲಿಷಿಗೆ ದಾಟಿಸುವಾಗ ಅರ್ಧ ನುಂಗಿಕೊಂಡ. ದೊರೆಸಾನಿ ಹ್ಯಾಟಿನ ಅಂಚನ್ನು ತಿರುಗಿಸುತ್ತ ನೆಲ ನೋಡುತ್ತಿದ್ದಳು. ಅರಿಶಿನ, ಕುಂಕುಮ, ಒಡೆದ ಕಾಯಿ, ಇವೇ ಸಾಮಾನಿನಲ್ಲಿ ನಾವು ದೇವರನ್ನೂ ಕರೆಯುತ್ತೇವೆ, ಮಾಟವನ್ನೂ ತಿರುಗಿಸುತ್ತೇವೆ ಎಂಬುದು ಪಾದ್ರಿಗೆ ಎಲ್ಲಿ ಗೊತ್ತಿರಬೇಕು? ಅವನು ಹಿರಿಯನನ್ನು ಕೇಳಿದ. ಹಿರಿಯ ಹೌದು, ಹಾಗೂ ಮಾಡುವುದುಂಟು ಎಂದ. ಪಾದ್ರಿಯ ಮುಖ ಬದಲಾಯಿತು. ಮಾಟಗಾತಿಯೆಂದು ಅವನು ಹಿಡಿದು ಕೂರಿಸಿದ್ದ ಮುದುಕಿ, ಅಜ್ಞಾನಿಗಳ ಕೈಗೆ ಸಿಕ್ಕಿ ನರಳುತ್ತಿರುವ ಒಂಟಿ ವಿಧವೆಯಾಗಿ ಕಾಣಲು ಶುರುವಾಗಿದ್ದಳು.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಿರಿಯ ಬುದ್ಧಿವಂತ. "ಈ ಜನ ಬಾಯಿಗೆ ಬಂದದ್ದು ಹೇಳ್ತಾರೆ. ಮಗನ ತಲೆ ಮುಟ್ಟಿ ಆಣೆ ಮಾಡ್ಸಿ. ಅದೊಂದರಲ್ಲಿ ಸುಳ್ಳು ಹೇಳಲ್ಲ" ಎಂದು ಪಾದ್ರಿಗೂ ಹೇಳಿ, ನಮ್ಮ ಕಿವಿಗೂ ಹಾಕಿದ. ಪಾದ್ರಿ ಸ್ವಲ್ಪ ಹಿಂಜರಿದು, ಆಗಲಿ ಎಂದ. ಇನ್ನೊಬ್ಬರ ದೇವರ ಭಯವನ್ನು ಬೇಕಾದಾಗ ಉಪಯೋಗಿಸಿಕೊಳ್ಳುವುದಕ್ಕೆ ಅವನ ಧರ್ಮ ಅಡ್ಡಬರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ರಕ್ತ ಕುದಿಯುತ್ತದೆ.

ಅಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು. ಅವಳು ಇದನ್ನು ಎಣಿಸಿರಲಿಲ್ಲ. ಬೈಗುಳಕ್ಕೆ, ಸುಳ್ಳಿಗೆ ಸಿದ್ಧಳಾಗಿ ಬಂದಿದ್ದಳು, ಇದಕ್ಕಲ್ಲ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳನ್ನು ಮಣ್ಣಿಗಿಟ್ಟು ಬಂದವಳು ಅವಳು, ಉಳಿದವನು ನಾನೊಬ್ಬನೇ. ಅವಳು ನನ್ನನ್ನು ನೋಡಿದಳು. ಆಮೇಲೆ ಗೋಡೆ ಪಕ್ಕ ಕೂತಿದ್ದ ಆ ಚಿಕ್ಕ ಬಿಳಿ ತಲೆಯನ್ನು ನೋಡಿದಳು. ಬೇಡಮ್ಮ ಎಂದು ಹೇಳಬೇಕೆಂದು ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಕೈ ಬಂದು ತಲೆಯ ಮೇಲೆ ಕೂತಾಗಿತ್ತು. ಅದು ಹಾಲಿನ ವಾಸನೆ ಹೊಡೆಯುತ್ತಿತ್ತು.

"ನನ್ ಮಗನ್ ಆಣೆ. ಇವ್ಳ ಮಂತ್ರದಿಂದ ಏನೂ ಆಗ್ಲಿಲ್ಲ. ಉರಿ ಇಳೀಲಿಲ್ಲ."

ಪಾದ್ರಿ ಎದ್ದು ಹೋಗಿ ದೊರೆಸಾನಿಯ ಕೈ ಹಿಡಿದುಕೊಂಡು ಏನೋ ಸಮಾಧಾನ ಹೇಳಿದ. ಭಾನುವಾರ ಅವಳು ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ, ಗಂಡನ ಪಕ್ಕದ ಜಾಗ ಅವಳದೇ ಎಂದಾಯಿತು. ನಮಗೆ ಮಾತ್ರ ತಾಕೀತು: ಈ ಹೆಂಗಸು, ಇವಳ ಮನೆಯವರು ಇನ್ನು ಆ ಬಂಗಲೆಯ ಗೇಟು ದಾಟಕೂಡದು. ದಾಟಿದ್ದು ಕಂಡರೆ, ಇವತ್ತು ಹೇಳಿದ್ದೆಲ್ಲ ಇಬ್ಬರೂ ಸೇರಿ ಹೂಡಿದ ಆಟ ಎಂದು ತಿಳಿಯಬೇಕಾಗುತ್ತದೆ ಎಂದು ಹಿರಿಯ ಬಿಡಿಸಿ ಹೇಳಿದ. ಹೊರಗೆ ಬರುವಾಗ ದೊರೆಸಾನಿ ತಲೆಯೆತ್ತಲಿಲ್ಲ. ಮುದುಕಿ ಚೆನ್ನಾಗಿ ನಟಿಸುತ್ತಾಳೆ ಎಂದೇ ನಾನು ಅಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡಳು.

ಅಂದಿನಿಂದ ನಮ್ಮ ಮನೆಯ ನೆಮ್ಮದಿ ಹೋಯಿತು. ಗಣಿಯಲ್ಲಿ ಅಪಘಾತದ ಸೈರನ್ ಕೂಗಿದರೆ ಅಮ್ಮ ಇದ್ದಲ್ಲಿಂದ ಓಡುವಳು. ನಾನು ನೆಲದ ಮೇಲಿನ ಕುಲುಮೆಯವನು, ಕೆಳಗೆ ಬಂಡೆ ಸಿಡಿದರೆ ನನಗೇನಾಗುತ್ತದೆ ಎಂದರೂ ಕೇಳುತ್ತಿರಲಿಲ್ಲ. ಸೈಕಲ್ ತುಳಿಯಬೇಡ, ಬಾವಿಗೆ ಇಳಿಯಬೇಡ, ಎಮ್ಮೆಯ ಹಿಂದೆ ನಿಲ್ಲಬೇಡ. ನನಗೆ ನೆಗಡಿಯಾದರೆ ಮುನೇಶ್ವರನ ಕಟ್ಟೆಗೆ ಓಡುವಳು, ಜ್ವರವಾದರೆ ಬಂಗಾರಪೇಟೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವಳು. ಮದುವೆಯಾದ ಮೇಲೂ ಬಿಡಲಿಲ್ಲ. ಬಾಗಿಲಲ್ಲಿ ನಿಂತು ನಾನು ಬರುವ ದಾರಿ ಕಾಯುವಳು, ಬಂದ ಮೇಲೆ ಬಂದೆಯಾ ಎಂದೂ ಕೇಳದೆ ಒಳಗೆ ಹೋಗುವಳು. ಅವಳ ಭಯ ನನ್ನ ಕಾಲಿಗೂ ಇಳಿಯಿತು. ನಾನು ನಂಬುವವನಲ್ಲ ಎಂದೆನಲ್ಲ? ನಂಬದಿದ್ದರೂ ರಸ್ತೆ ದಾಟುವಾಗ ಎರಡೆರಡು ಸಲ ನೋಡತೊಡಗಿದ್ದೆ.

ಬಂಗಲೆಯ ಹಾಲು ಬೇರೆಯವರ ಪಾಲಾಯಿತು. ದಾರಿಯಲ್ಲಿ ಎದುರಾದರೂ ಅಮ್ಮ, ದೊರೆಸಾನಿ ಇಬ್ಬರೂ ಮುಖ ತಿರುಗಿಸಿ ಹೋಗುತ್ತಿದ್ದರು. ಹಾಗೆ ತಿರುಗಿಸಿಕೊಂಡು ಬಂದ ದಿನ ಅಮ್ಮ, "ಸೊರಗೋಗವ್ಳೆ ಕಣ್ಲಾ. ಆ ಆಲಿನೋನು ನೀರು ಆಕ್ತಾನೆ, ಅದೇನ್ ಆಲಾ?" ಎಂದು ಸಂಕಟಪಡುವಳು. ಲೈನಿನ ಹೆಂಗಸರು ಸುಟ್ಟುಕೊಂಡ ಮಕ್ಕಳನ್ನು ಎತ್ತಿಕೊಂಡು ಹೋದರೆ ದೊರೆಸಾನಿ "ಪೋಚ್ಚು, ಪೋಚ್ಚು", ಹೋಯಿತು ಹೋಯಿತು, ಎಂದು ಕೈಯಾಡಿಸಿ ಕಳಿಸಿಬಿಡುತ್ತಾಳೆ ಎಂದು ಸುದ್ದಿ ಬರುತ್ತಿತ್ತು. ಪಾದ್ರಿಯ ಭಯಕ್ಕೆ ಬಿಟ್ಟಿದ್ದಾಳೆ, ಒಳ್ಳೆಯದೇ ಆಯಿತು ಎಂದು ನಾವು ಮಾತಾಡಿಕೊಂಡೆವು.

ವರ್ಷಗಳು ಹೋದವು. ಅರವತ್ತರ ದಶಕ ಶುರುವಾಗಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ದೊರೆಸಾನಿಯ ತೋಟದವನು ಕುಲುಮೆಗೆ ಬಂದು, ದೊರಸಾನಮ್ಮನವರು ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನು ಕರೆಯುತ್ತಿದ್ದಾರೆ, ಬೇಲಿಯ ಹಿಂದಿನಿಂದ ಬನ್ನಿ ಎಂದ. ಹೋದೆ. ಮಂಚದಲ್ಲಿ ಮುದುಕಿ ಒಂದು ಹಿಡಿಯಾಗಿದ್ದಳು. ಮಂತ್ರವನ್ನು ಗಂಡಸಿಗೆ ದಾಟಿಸಬೇಕಲ್ಲ, ಅದಕ್ಕೆ ಕರೆದಿರಬೇಕು ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಆ ದಿನ ನಾ ಊದಿದೆ. ಉರಿ ಇಳಿಯಲಿಲ್ಲ, ಅಲ್ಲವಾ? ನಿನಗೆ ರೊಂಬ ನೋವು ಕೊಟ್ಟೆ. ನನ್ನ ಹತ್ತಿರ ಇದ್ದದ್ದು ಆಗಲೇ ಪೋಚ್ಚು. ಗೊತ್ತಾಗಲಿಲ್ಲ. ಸಾರಿ."

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಇವಳು ನಟಿಸಿರಲಿಲ್ಲ. ಇಷ್ಟು ವರ್ಷ ನಮ್ಮ ನಡುವೆ ಬಾಳಿದವಳು, ತಾಯಿಯಾದವಳು ಮಗನ ತಲೆ ಮುಟ್ಟಿ ಸುಳ್ಳು ಹೇಳುವುದಿಲ್ಲ ಎಂಬುದನ್ನು ನಮ್ಮಷ್ಟೇ ಬಲ್ಲವಳು. ಅಮ್ಮನ ಬೈಗುಳವನ್ನು ಅವಳು ನಂಬಿರಲಿಲ್ಲವೋ ಏನೋ, ಆಣೆಯನ್ನು ಪೂರ್ತಿ ನಂಬಿದ್ದಳು. ವಾಸಿಯಾಯಿತು ಎಂದು ನಾವು ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅದು ಅವಳದೇ ಕಟ್ಟಳೆ. ತಾತ ಕೊಟ್ಟ ವಿದ್ಯೆ ತನ್ನನ್ನು ಬಿಟ್ಟುಹೋಯಿತೆಂದು ಅವತ್ತೇ ಅಂದುಕೊಂಡಳು. ಅಳುವ ಮಕ್ಕಳನ್ನು ಹಿಂದಕ್ಕೆ ಕಳಿಸಿದ್ದು ಪಾದ್ರಿಯ ಭಯಕ್ಕಲ್ಲ.

"ಇಳೀತು ದೊರಸಾನಮ್ಮ. ರೈಲು ಹಳಿ ದಾಟೋ ಒಳಗೇ ಇಳೀತು. ಅಮ್ಮ ಸುಳ್ಳು ಹೇಳಿದ್ದು. ನಿಮ್ಮ ಜಾಗ ಉಳೀಲಿ ಅಂತ."

"ಸುಳ್ಳಾ? ತಲೆ ಮೇಲೆ ಕೈ ಇಟ್ಟು?"

"ಹೂಂ."

ಅವಳು ನನ್ನ ತಲೆಯನ್ನೇ ನೋಡಿದಳು. ನೋಡುತ್ತ ನೋಡುತ್ತ ಮುಖವೆಲ್ಲ ಹಿಂಡಿಕೊಂಡಿತು. ಅಳುತ್ತಾಳೆ ಅಂದುಕೊಂಡರೆ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿ ಅತ್ತಳು. "ಅಮ್ಮಾ ವರುವಾಳಾ?" ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅವಳೇ, "ವೇಂಡಾ, ವೇಂಡಾ. ಪಾದ್ರಿ ನೋಡಿಬಿಟ್ಟರೆ" ಎಂದಳು. ಆಮೇಲೆ ಹತ್ತಿರ ಬಗ್ಗಲು ಹೇಳಿ, ಕಿವಿಯಲ್ಲಿ ಆ ಮಾತುಗಳನ್ನು ಹೇಳಿಕೊಟ್ಟಳು. ನಾಲ್ಕೇ ಸಾಲು. ಅರ್ಥ ಪೂರ್ತಿ ಆಗಲಿಲ್ಲ. ಬೆಂಕಿ ಹೊರಗೆ ಹೋಗಲಿ, ತಂಪು ಒಳಗೆ ಬರಲಿ ಎಂಬಂಥದ್ದು. ನನ್ನ ಬಾಯಿಪಾಠ ಸರಿಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಮೊರ ಹಿಡಿದು ಕೂತು ರಾಗಿ ಕೇರುತ್ತಿದ್ದಳು. ಕೈ ನಿಂತಿತು. "ನಂಬಿಬಿಟ್ಲಾ? ಅವ್ಳಿಗೆ ಗೊತ್ತಿರ್ತದೆ ಅಂದ್ಕಂಡಿದ್ನಲ್ಲೋ" ಎಂದಳು. ಎದ್ದು ಸೀರೆ ಬದಲಾಯಿಸಿ ಬಸ್ ನಿಲ್ಲುವಲ್ಲಿಗೆ ಹೋದಳು. ಬಸ್ಸು ಬಂತು, ಹತ್ತಲಿಲ್ಲ, ವಾಪಸು ಬಂದಳು. ಮಾರನೆಯ ದಿನವೂ ಹೋದಳು, ವಾಪಸು ಬಂದಳು. ಹೋದರೆ ಜಾಗ ಹೋಗುತ್ತದೆ, ಹೋಗದಿದ್ದರೆ ಮುದುಕಿ ಹೋಗುತ್ತಾಳೆ. ಮನೆಗೂ ರಸ್ತೆಗೂ ತಿರುಗಿ ತಿರುಗಿ ಅವಳ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ನಾನೇ ಕರೆದುಕೊಂಡು ಹೋಗುತ್ತೇನೆ, ಬೇಲಿ ಹಿಂದಿನಿಂದ ಹೋಗೋಣ ಎಂದರೆ, "ಯಾರಾರ ಕಂಡ್ರೆ?" ಎಂದು ಅಲ್ಲೇ ನಿಂತುಬಿಡುವಳು.

ಅವಳು ಹೀಗೆ ಓಡಾಡುತ್ತಿರುವಾಗಲೇ ದೊರೆಸಾನಿ ತೀರಿಕೊಂಡಳು. ಮಣ್ಣು ಮಾಡಿದ್ದು ಮಧ್ಯಾಹ್ನ. ನಾನು ಕೆಲಸ ಬಿಟ್ಟುಬಂದು ಸ್ಮಶಾನದ ಗೋಡೆಯಾಚೆ ನಿಂತು ನೋಡಿದೆ. ಅದೇ ಪಾದ್ರಿ, ಅದೇ ಹಿರಿಯ, ನಾಲ್ಕು ಜನ ಹೊರುವವರು. ಎಲ್ಲ ಮರ್ಯಾದೆಯಿಂದ ನಡೆಯಿತು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಗಂಡನ ಮಗ್ಗುಲಾಗೇನಾ?"

"ಮಗ್ಗುಲಲ್ಲೇ."

"ನೀನೇ ನೋಡಿದ್ಯಾ? ಯಾವ ಮಗ್ಗುಲು?"

"ಎಡಕ್ಕೆ, ಅಮ್ಮ. ನಾನೇ ನೋಡಿದೆ."

"ಸದ್ಯ" ಎಂದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಾನು ಕುಡಿಯುವುದನ್ನು ನೋಡುತ್ತ ನಿಂತವಳು ಇದ್ದಕ್ಕಿದ್ದ ಹಾಗೆ ಗೋಡೆಗೆ ಜಾರಿ ಕುಸಿದಳು. "ಇಷ್ಟ್ ವರ್ಸ ತನ್ನಿಂದ ಏನೂ ಆಗಲ್ಲ ಅಂದ್ಕಂಡು ಬದುಕವ್ಳಲ್ಲೋ. ನಾನ್ ಮಾಡ್ದೆ ಕಣ್ಲಾ ಅದ್ನ, ನಾನ್ ಮಾಡ್ದೆ" ಎಂದು ಎದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಉರೀತೈತೆ, ಇಲ್ಲಿ ಉರೀತೈತೆ" ಎಂದು ಅತ್ತಳು. ಅಪ್ಪ ಬಂದು ನಿಂತ. ನನ್ನ ಹೆಂಡತಿ ಬಂದು ನಿಂತಳು. ನಾನು ಅವಳ ಮುಂದೆ ಕೂತು, ಬಗ್ಗಿ ಮೆಲ್ಲಗೆ ಊದಿ, ಆ ನಾಲ್ಕು ಸಾಲುಗಳನ್ನು ಹೇಳಿದೆ. ಅದು ಸುಟ್ಟ ಚರ್ಮಕ್ಕೆ ಹೇಳುವ ಮಾತು. ನನಗೆ ಬೇರೆ ಯಾವುದೂ ಗೊತ್ತಿರಲಿಲ್ಲ.